ನಿಂತ ಕಾಲಿನ ಅಳತೆ

ಸಿಂಧನೂರಿನಿಂದ ರಾಯಚೂರಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಎಕ್ಸ್‌-ರೇ ಕವರನ್ನು ಎದೆಗವಚಿಕೊಂಡ ಅಜ್ಜಿಯೊಬ್ಬರಾದರೂ ಇದ್ದೇ ಇರುತ್ತಾರೆ. ಮೆಟ್ಟಿಲಿಗೆ ಒಂದು ಕಾಲಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಮಕ್ಕಳ ಹಾಗೆ ಹತ್ತುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ವರ್ಷಗಟ್ಟಲೆ ಭತ್ತ ನಾಟಿ ಮಾಡಿದ ಕಾಲುಗಳವು. ‘ಕುಂತರ ಏಳಾಕ ಬರಂಗಿಲ್ಲ ಯಪ್ಪಾ’ ಎಂಬ ಮಾತನ್ನು ಮಸ್ಕಿ, ಲಿಂಗಸುಗೂರಲ್ಲೂ ದಿನವೂ ಕೇಳಬಹುದು.

ಮೊಣಕಾಲು ಕೀಲು ಬದಲಿಸುವ ಮಾತು ಬಂದಾಗ ಈಗ ‘ನಿಮ್ಮ ಕಾಲಿನ ಅಳತೆಗೇ ಮಾಡಿಸಿದ್ದು’ ಎಂಬ ಆಯ್ಕೆಯೂ ಕಿವಿಗೆ ಬೀಳುತ್ತದೆ. ಕೀಲೇ ತಮ್ಮ ಅಳತೆಯದೆಂದು ಎಷ್ಟೋ ಮಂದಿ ತಿಳಿಯುತ್ತಾರೆ. ಸಾಮಾನ್ಯವಾಗಿ ಹಾಗಲ್ಲ, ಕೀಲು ಸಿದ್ಧ ಸೈಜಿನದ್ದೇ. ಮೂಳೆಯನ್ನು ಯಾವ ಕೋನದಲ್ಲಿ ಕೊಯ್ಯಬೇಕೆಂದು ಗರಗಸಕ್ಕೆ ದಾರಿ ತೋರುವ ಜಿಗ್ ಮಾತ್ರ ರೋಗಿಯದು. ಸ್ಕ್ಯಾನ್ ನೋಡಿ ಕಂಪ್ಯೂಟರಿನಲ್ಲಿ ಮೂಳೆ ಕಟ್ಟಿ, ಅದರ ಮೇಲೆ ಕೂರುವಂತೆ ನೈಲಾನಿನಲ್ಲಿ ತ್ರೀಡಿ ಮುದ್ರಣ ಮಾಡಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ತೊಡೆಮೂಳೆಯೊಳಗೆ ಸರಳು ತೂರಿಸಿ ಕೋನ ಹಿಡಿಯುತ್ತಾರೆ. ಹಿಂದೆಂದೋ ಮುರಿದು ಪ್ಲೇಟು ಹಾಕಿಸಿಕೊಂಡ ತೊಡೆಯಾದರೆ ಸರಳು ಹೋಗುವುದೇ ಕಷ್ಟ. ಜಿಗ್ ನಿಜಕ್ಕೂ ಉಪಯೋಗಕ್ಕೆ ಬರುವುದು ಅಂಥ ಕಡೆ.

ಬಡಿಗೇರರು ಗಿಲಾವಿನ ದಪ್ಪ ಲೆಕ್ಕಕ್ಕೆ ಹಿಡಿಯದೆ ಅಳೆದರೆ ಚೌಕಟ್ಟು ಗೋಡೆಗೆ ಕೂರುವುದಿಲ್ಲ. ಇಲ್ಲಿ ಗಿಲಾವೆಂದರೆ ಮೂಳೆ ತುದಿಯ ಮೃದ್ವಸ್ಥಿ. ಸಿ.ಟಿ. ಸ್ಕ್ಯಾನಿಗೆ ಮೂಳೆ ಸ್ಪಷ್ಟ, ಮೃದ್ವಸ್ಥಿ ಕಾಣದು. ಹಾಗಾಗಿ ಜಿಗ್ ತಾಗುವ ಜಾಗದಲ್ಲಿ ಉಳಿದ ಮೃದ್ವಸ್ಥಿಯನ್ನು ವೈದ್ಯರು ಕೆರೆದು ತೆಗೆಯಬೇಕು. ಸವೆದ ಕೀಲಿನ ಅಂಚಿಗೆ ಬೆಳೆದ ಮೂಳೆಮುಳ್ಳುಗಳನ್ನು ಮಾತ್ರ ಆಗಲೇ ಕೀಳಬಾರದು. ಜಿಗ್ ಅವನ್ನೇ ಆಧರಿಸಿ ಕೂರುವಂತಿದ್ದರೆ, ಕಿತ್ತ ಮೇಲೆ ಅಲುಗಾಡುತ್ತದೆ. ಎಂ.ಆರ್.ಐ.ಗೆ ಮೃದ್ವಸ್ಥಿಯೂ ಕಾಣುತ್ತದೆ, ವಿಕಿರಣವೂ ಇಲ್ಲ. ಆದರೆ ಗದ್ದಲದ ಸುರಂಗದಲ್ಲಿ ಬಹಳ ಹೊತ್ತು ಅಲುಗದೆ ಮಲಗಬೇಕು. ನೋವಿನ ಕಾಲು ಸುಮ್ಮನಿರಬೇಕಲ್ಲ! ಅಲುಗಿದರೆ ಚಿತ್ರ ಮಸುಕು, ಮಸುಕಾದರೆ ಜಿಗ್ ತಪ್ಪು. ಪೇಸ್‌ಮೇಕರ್ ಇದ್ದವರಿಗೆ ಬೇರೆಯೇ ತೊಡಕು. ಸಿ.ಟಿ. ಕೆಲವೇ ನಿಮಿಷದ ಕೆಲಸ.

ಮೊಣಕಾಲೊಂದನ್ನೇ ನೋಡಿದರೂ ಸಾಲದು. ಸೊಂಟದ ಕೀಲಿನ ನಡುವಿನಿಂದ ಕಣಕಾಲು ಕೀಲಿನ ನಡುವಿಗೆ ಗೆರೆ ಎಳೆದರೆ ಅದು ಮೊಣಕಾಲನ್ನು ಎಲ್ಲಿ ಹಾಯುತ್ತದೆ ಎಂಬುದರ ಮೇಲೆ ಕೊಯ್ತದ ಲೆಕ್ಕ ನಿಂತಿದೆ. ಅದಕ್ಕೇ ಸಿ.ಟಿ.ಯಲ್ಲಿ ಸೊಂಟ, ಮೊಣಕಾಲು, ಕಣಕಾಲು ಮೂರನ್ನೂ ಹಿಡಿಯುತ್ತಾರೆ, ಎಂ.ಆರ್.ಐ. ಜೊತೆಗೆ ಹೆಚ್ಚಾಗಿ ಉದ್ದ ಕಾಲಿನ ಎಕ್ಸ್‌-ರೇ ಕೇಳುತ್ತಾರೆ.

ಇಷ್ಟಾದರೂ, ನೋವು ಇಳಿಯುವುದರಲ್ಲಿ, ನಡಿಗೆ ಸುಧಾರಿಸುವುದರಲ್ಲಿ ಹಳೆಯ ಪದ್ಧತಿಗಿಂತ ಜಿಗ್ ಸ್ಪಷ್ಟವಾಗಿ ಮೇಲೆಂದು ಅಧ್ಯಯನಗಳು ತೋರಿಸಿಕೊಟ್ಟಿಲ್ಲ. ಹೊಲ ಒತ್ತೆಯಿಟ್ಟು ಮಾಡಿಸುವಂಥದ್ದಲ್ಲ ಎಂಬುದು ನನ್ನ ಲೆಕ್ಕ. 2017ರ ಆಗಸ್ಟಿನಲ್ಲಿ ಕೇಂದ್ರವು ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಜಿಗ್, ಸ್ಕ್ಯಾನುಗಳ ಖರ್ಚು ಬೇರೆ. ಜಿಗ್ ಬರಲು ವಾರಗಳೇ ಹಿಡಿಯುತ್ತವೆ. ‘ಸುಗ್ಗಿ ಮುಗೀಲಿ’ ಎಂದು ತಿಂಗಳುಗಟ್ಟಲೆ ಮುಂದೂಡಿದರೆ ಮೂಳೆಯ ಆಕಾರ ಬದಲಾಗಿ ಬಂದದ್ದೂ ಕೂರದೆ ಹೋದೀತು.

ಈ ಸೀಮೆಯಲ್ಲಿ ಇನ್ನೊಂದು ಅನುಮಾನಕ್ಕೂ ಜಾಗ ಬಿಡಬೇಕು. ರಾಯಚೂರು ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಫ್ಲೋರೋಸಿಸ್ ಮೈಗೆ ಹತ್ತಿದ್ದರೆ ಮೂಳೆ ಎಕ್ಸ್‌-ರೇಯಲ್ಲಿ ಅತಿ ಬೆಳ್ಳಗೆ ಕಾಣುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿರುತ್ತದೆ. ಮೊಣಕಾಲು ನೋವಿಗೆ ಮುಂಗೈ ಚಿತ್ರವೇಕೆ ಎಂದು ಕೇಳುವವರಿಗೆ ಉತ್ತರ ಅಲ್ಲಿದೆ.

ಇನ್ನು ಅಜ್ಜಿಯ ಕವರಿನೊಳಗಿನ ಚಿತ್ರ. ಮಲಗಿಸಿ ತೆಗೆದಿದ್ದರೆ ಸವೆದ ಕೀಲಿನ ಸಂದೂ ಚೆನ್ನಾಗಿಯೇ ಕಂಡೀತು. ಮೈಭಾರ ಬಿದ್ದಾಗಲೇ ಅದು ಮುಚ್ಚುವುದು. ಆದ್ದರಿಂದ ಎಕ್ಸ್‌-ರೇ ಕೋಣೆಯಲ್ಲಿ ಕಂಬಿ ಹಿಡಿದಾದರೂ ಎರಡೂ ಕಾಲ ಮೇಲೆ ನಿಲ್ಲಬೇಕು, ಮೊಣಕಾಲ ಚಿಪ್ಪು ನೇರ ಮುಂದಕ್ಕೆ ನೋಡುತ್ತಿರಬೇಕು. ‘ಬೆರಳು ಹೊರಗ ಹೊರಳಿಸಬ್ಯಾಡ ಅವ್ವಾ’ ಎಂದು ತಂತ್ರಜ್ಞರು ಗದರುವುದು ಅದಕ್ಕೇ. ಹೊರಳಿದರೆ ಡೊಂಕಿನ ಅಳತೆಯೇ ತಪ್ಪುತ್ತದೆ.