ಏಳು ಮಿಲಿಮೀಟರಿನ ಹೆಲಿಕಾಪ್ಟರ್ ಕಥೆ

ಮೇಜಿನ ಮೇಲಿರುವ ಈ ಬೂದು ಹಡಗಿನ ಉದ್ದ ಸುಮಾರು 39 ಸೆಂಟಿಮೀಟರ್. ಅಮೆರಿಕದ ಆಲಿವರ್ ಹಜಾರ್ಡ್ ಪೆರ್ರಿ ವರ್ಗದ ಫ್ರಿಗೇಟ್ ಅನ್ನು 1:350 ಅಳತೆಗೆ ಇಳಿಸಿದರೆ ಸಿಗುವ ಮಾಡೆಲ್ ಇದು.

ಈಗ ಹಿಂಭಾಗ ನೋಡಿ. 1977ರಲ್ಲಿ ಸೇವೆಗೆ ಸೇರಿದ ಮೊದಲ ಹಡಗು 136 ಮೀಟರ್ ಉದ್ದವಿತ್ತು. ಆಮೇಲೆ ದೊಡ್ಡ ಸೀಹಾಕ್ ಹೆಲಿಕಾಪ್ಟರ್ ಬಂತು. ಹೊಯ್ದಾಡುವ ಡೆಕ್ ಮೇಲೆ ಅದನ್ನು ಹಿಡಿದು ಒಳಗೆಳೆಯುವ ಯಂತ್ರಕ್ಕೆ ಜಾಗ ಬೇಕಾಯಿತು. ಹಿಂಬದಿ ಗೋಡೆಯ ಓರೆ ಹೆಚ್ಚಿಸಿ, ಮುಂದಿನ ಹಡಗುಗಳನ್ನು ಸುಮಾರು ಎರಡೂವರೆ ಮೀಟರ್ ಉದ್ದ ಮಾಡಿದರು. ಮಾಡೆಲ್‌ನಲ್ಲಿ ಅದು ಬರೀ 7 ಮಿಲಿಮೀಟರ್! ಆದರೂ ಅದನ್ನು ಬಿಡುವಂತಿಲ್ಲ. ಬಿಟ್ಟರೆ ಹಡಗಿನ ಮೇಲಿನ ನಂಬರ್ ಒಂದು, ಒಡಲು ಇನ್ನೊಂದು. ಅದಕ್ಕೇ ಪಳಗಿದವರು ಅಂಟು ಮುಟ್ಟುವ ಮೊದಲು ಆಯಾ ಹಡಗಿನ, ಆಯಾ ವರ್ಷದ ಫೋಟೋ ಹುಡುಕುತ್ತಾರೆ.

ಇನ್ನು ರೇಲಿಂಗ್. 1 ಸೆಂಟಿಮೀಟರ್ ದಪ್ಪದ ಕಂಬಿ ಇಲ್ಲಿ 0.03 ಮಿಲಿಮೀಟರ್ ಆಗಬೇಕು. ಪ್ಲಾಸ್ಟಿಕ್ ಅಚ್ಚಿನಲ್ಲಿ ಅಷ್ಟು ತೆಳು ಬರದು. ರಾಸಾಯನಿಕದಿಂದ ಕೊರೆದ ಹಿತ್ತಾಳೆ ಹಾಳೆಯೇ ಗತಿ, ಅದೂ ನಿಜಕ್ಕಿಂತ ದಪ್ಪವೇ. ಚಿಮುಟದಲ್ಲಿ ಹಿಡಿದು, ಸೂಜಿಮೊನೆಯಷ್ಟು ಸೂಪರ್ ಗ್ಲೂ ತಾಗಿಸಿ, ಉಸಿರು ಬಿಗಿಹಿಡಿದು ಡೆಕ್ ಅಂಚಿಗೆ ಕೂರಿಸಬೇಕು. ಈ ಕೆಲಸ ಆದಷ್ಟು ಕೊನೆಗೆ. ಮೊದಲೇ ಮಾಡಿದರೆ ಬೆರಳು ತಾಗಿದಲ್ಲೆಲ್ಲ ಕಂಬಿ ಬಾಗುತ್ತದೆ.