ಠಪ್ ಎಂದು ಉತ್ತರ ಕೊಡುವ ಗುರಿ

ಜುಹೂ ಕಡಲತೀರದಲ್ಲಿ ಹಲಗೆಗೆ ಸಾಲುಸಾಲು ಬಲೂನು ಸಿಕ್ಕಿಸಿ, ಏರ್‌ಗನ್ ಚಾಚಿ ಕರೆಯುವವನ ಮುಂದೆ ಒಮ್ಮೆಯಾದರೂ ನಿಲ್ಲದ ಮುಂಬಯಿ ಮಕ್ಕಳು ಕಡಿಮೆ. ರಜೆಯ ಸಂಜೆ ಮುಲುಂಡಿನಿಂದ ಅಷ್ಟು ದೂರ ಹೋದಾಗ ನಾನೂ ನಿಂತಿದ್ದೇನೆ. ಗುರಿ ತಾಗಿತೇ ಎಂದು ಯಾರನ್ನೂ ಕೇಳಬೇಕಿಲ್ಲ. ಠಪ್ ಎಂದರೆ ತಾಗಿತು. ಹೀಗೆ ಒಡೆಯುವ, ಉರುಳುವ, ಗಿರ್ರನೆ ತಿರುಗುವ ಗುರಿಗಳಿಗೆ ಶೂಟರ್‌ಗಳು ರಿಯಾಕ್ಟಿವ್ ಟಾರ್ಗೆಟ್ ಎನ್ನುತ್ತಾರೆ.

ಹೆಸರು ಹೊಸದು, ಆಟ ನಮಗೆ ಹಳೆಯದು. ಕೊಡಗಿನಲ್ಲಿ ನಾಟಿ ಮುಗಿದು ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಅಂದು ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಕಡಂಬುಟ್ಟು, ಪಂದಿಕರಿಯ ಊಟವಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. ಹೆಂಗಸರೂ ಕೋವಿ ಎತ್ತುತ್ತಾರೆ. ಈಗಿನ ಸ್ಪರ್ಧೆಗಳಲ್ಲಿ 12 ಬೋರ್ ಕೋವಿಯ ಜೊತೆಗೆ ಪಾಯಿಂಟ್ ಟೂಟೂ ರೈಫಲ್‌ಗೂ ಪ್ರತ್ಯೇಕ ವಿಭಾಗವಿರುತ್ತದೆ. ನೀರು ತುಂಬಿದ, ಒಡೆದರೆ ಎಲ್ಲರಿಗೂ ಕಾಣುವ, ಬಿದ್ದ ಚೂರು ಮಣ್ಣಿಗೇ ಸೇರುವ ತೆಂಗಿನಕಾಯಿಗಿಂತ ಸೊಗಸಾದ ಗುರಿಯನ್ನು ನಾನು ಕಾಣೆ.

ಈ ಪಾಯಿಂಟ್ ಟೂಟೂ ಎಂಬುದು ರಿಮ್‌ಫೈರ್ ತೋಟೆ. ಕಿಡಿ ಹತ್ತಿಸುವ ಮದ್ದು ತೋಟೆಯ ನಡುವೆ ಅಲ್ಲ, ಬುಡದ ಅಂಚಿನ ಮಡಿಕೆಯೊಳಗೆ ಇರುತ್ತದೆ. ಕೋವಿಯ ಮೊಳೆ ಆ ಅಂಚನ್ನು ಜಜ್ಜಿದಾಗ ಗುಂಡು ಹಾರುತ್ತದೆ. 1887ರಿಂದ ಬಳಕೆಯಲ್ಲಿರುವ ಲಾಂಗ್ ರೈಫಲ್ ತೋಟೆಯ ಸೀಸದ ಗುಂಡು ಸಾಮಾನ್ಯವಾಗಿ ಎರಡೂವರೆ ಗ್ರಾಂ ಚಿಲ್ಲರೆ ತೂಗುತ್ತದೆ. ಹೆಗಲಿಗೆ ಹೊಡೆತವಿಲ್ಲ, ಸದ್ದು ಕಡಿಮೆ, ಕಲಿಯುವವರಿಗೆ ಹೇಳಿ ಮಾಡಿಸಿದ್ದು. ಆದರೆ ಪುಟ್ಟದೆಂದು ಸಲಿಗೆ ಸಲ್ಲದು: ಅಡ್ಡಿಯಿಲ್ಲದಿದ್ದರೆ ಅದು ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು. ಮರದ ತುದಿಗೆ ಕಟ್ಟಿದ ಕಾಯಿಗಿಂತ ಮಣ್ಣಿನ ದಿಬ್ಬಕ್ಕೆ ಒರಗಿಸಿಟ್ಟ ಕಾಯಿಯೇ ನನಗೆ ಮೆಚ್ಚು.

ಮುಲುಂಡಿನಂಥ ಇಕ್ಕಟ್ಟಿನ ಉಪನಗರದಲ್ಲಿ ತಾರಸಿಯಾಗಲಿ ಮೈದಾನವಾಗಲಿ ಇದಕ್ಕೆ ತಾಣವಲ್ಲ. ಬೆನ್ನಿಗಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಕ್ಕೆ ಅನುಮತಿಯಿಲ್ಲದೆ ಆಯುಧ ಒಯ್ಯುವುದೇ ಅಪರಾಧ. ಪಾಯಿಂಟ್ ಟೂಟೂಗೆ ಪರವಾನಗಿ ಬೇಕು, ಹೊಡೆಯಲು ರೇಂಜ್ ಬೇಕು. ವರಳಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜ್ ಇದೆ. ಅತ್ತ ಪನ್ವೇಲ್‌ನಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ ಕಟ್ಟಿದ ಸುಮಾ ಶಿರೂರ್ ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ. 2004ರಲ್ಲಿ ಕ್ವಾಲಾಲಂಪುರದಲ್ಲಿ ಏರ್ ರೈಫಲ್‌ನಲ್ಲಿ 400ಕ್ಕೆ 400 ಹೊಡೆದವರು ಅವರು. ಹತ್ತು ಮೀಟರ್ ದೂರದ ಆ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ!

ಅಂಥ ಶಿಸ್ತನ್ನು ಕಲಿಸುವುದು ಕಾಗದದ ಗುರಿಯೇ. ಉರುಳಿದ ತಗಡು ತಾಗಿತೆಂದಷ್ಟೇ ಹೇಳುತ್ತದೆ; ಎಡಕ್ಕೆಷ್ಟು, ಕೆಳಕ್ಕೆಷ್ಟು ತಪ್ಪಿತೆಂದು ಹೇಳುವುದಿಲ್ಲ. ಮೊದಲು ಕಾಗದ, ಆಮೇಲೆ ತಗಡು, ಆಗ ಕಣ್ಣಿಗೂ ಬೆರಳಿಗೂ ಚುರುಕು ಬರುತ್ತದೆ. ಹಿಮದ ನಾಡಿನ ಬಯಾಥ್ಲಾನ್ ಪಟುಗಳು ಸ್ಕೀಯಲ್ಲಿ ಧಾವಿಸಿ ಬಂದು ಏದುಸಿರಿನಲ್ಲೇ 50 ಮೀಟರ್ ದೂರದ ಐದು ಕಪ್ಪು ವೃತ್ತಗಳಿಗೆ ಗುರಿಯಿಡುತ್ತಾರೆ. ತಾಗಿದೊಡನೆ ಕಪ್ಪು ಬಿಳಿಯಾಗುತ್ತದೆ. ಮಲಗಿ ಹೊಡೆಯುವಾಗ ಆ ಗುರಿ ಬರೀ 45 ಮಿಲಿಮೀಟರ್. ನಮ್ಮ ವಿಜಯ್ ಕುಮಾರ್ 2012ರಲ್ಲಿ ಲಂಡನ್ನಿನಲ್ಲಿ ಬೆಳ್ಳಿ ಗೆದ್ದ ರ‍್ಯಾಪಿಡ್ ಫೈರ್ ಪಿಸ್ತೂಲ್ ಫೈನಲ್ ಕೂಡ ತಾಗಿತು, ತಪ್ಪಿತು ಎಂಬ ಲೆಕ್ಕದ್ದೇ.

ಅಭ್ಯಾಸಕ್ಕೆ ಗುರಿ ಆರಿಸುವಾಗ ನೆನಪಿಡಬೇಕಾದ್ದು ಇಷ್ಟು: ಮೆತ್ತನೆಯದು ಗುಂಡನ್ನು ನುಂಗುತ್ತದೆ, ಗಟ್ಟಿಯದು ಹಿಂದಿರುಗಿಸುತ್ತದೆ. ಕಲ್ಲು, ಗಾಜಿನ ಬಾಟಲಿ, ಕೆರೆಯ ನೀರು ಕೂಡದು. ನೀರಿನ ಮೇಲ್ಮೈಯಿಂದಲೂ ಗುಂಡು ಚಿಮ್ಮುತ್ತದೆ. ಉಕ್ಕಿನ ತಗಡಾದರೆ ಹದಗೊಳಿಸಿದ, ನುಣುಪಾದ, ಕುಳಿ ಬೀಳದ ತಗಡೇ ಆಗಬೇಕು. ಸೀಸದ ಸಿಡಿ ನೆಲಕ್ಕಿಳಿಯುವಂತೆ ತುಸು ಮುಂದಕ್ಕೆ ಬಾಗಿರಬೇಕು. 25 ಮೀಟರ್‌ನಷ್ಟು ದೂರ ಒಳ್ಳೆಯದು. ಹಿಂದೆ ಮಣ್ಣಿನ ದಿಬ್ಬ, ನೋಡುವವರಿಗೂ ಕನ್ನಡಕ.

ರೇಂಜ್‌ನವರು ಒಪ್ಪಿದರೆ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ, ಒಣ ಬಿಸ್ಕತ್ತು, ಇದ್ದಿಲ ತುಂಡು ಎಲ್ಲವೂ ಸೊಗಸು. ನನ್ನ ಆಯ್ಕೆ ಶಾಲೆಯ ಸೀಮೆಸುಣ್ಣ. ಮಣ್ಣಲ್ಲಿ ಐದು ಕಡ್ಡಿ ನೆಟ್ಟರೆ ಐದು ಗುರಿ. ತಾಗಿದಾಗ ಬಿಳಿ ಪುಡಿ ಹೊಗೆಯಂತೆ ಏಳುತ್ತದೆ, ಮೊದಲ ಮಳೆಗೆ ಕರಗಿ ಹೋಗುತ್ತದೆ.