ತಟ್ಟೆಯಲ್ಲಿ ಬೆಳೆಯುವ ಜೀವಕೋಶ: ನಾವು ನಂಬಿದ್ದು, ನಿಜವಾಗಿ ಇರುವುದು

ಬೆಂಗಳೂರಿನ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್, ಇದೆ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಇತ್ತ ಮಲ್ಲೇಶ್ವರದ ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ. ಈ ಮೂರೂ ಕಡೆ ದಿನವೂ ಜೀವಕೋಶಗಳಿಗೆ ಆಹಾರ ಹಾಕಿ, ಬೆಳೆಸಿ, ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ಕೆಲಸ ನಡೆಯುತ್ತದೆ. ಇಷ್ಟು ಹತ್ತಿರದಲ್ಲೇ ನಡೆಯುವ ಕೆಲಸದ ಬಗ್ಗೆ ನಮ್ಮ ಕಿವಿಗೆ ಬೀಳುವ ಮಾತುಗಳಲ್ಲಿ ಎಷ್ಟೋ ಸುಳ್ಳು. ಕೆಲವು ಮೊಬೈಲಿನಲ್ಲಿ ಹರಿದು ಬಂದವು. ಇನ್ನು ಕೆಲವನ್ನು ಲ್ಯಾಬಿನ ಒಳಗಿರುವವರೇ ದಶಕಗಳ ಕಾಲ ನಂಬಿದ್ದರು. ಎರಡೂ ಬಗೆಯವಕ್ಕೆ ತಾಳ್ಮೆಯಿಂದ ಉತ್ತರ ಹೇಳಬೇಕಾಗಿದೆ.

ತಪ್ಪು ಕಲ್ಪನೆ
ಮೈಯಿಂದ ಹೊರತೆಗೆದ ಜೀವಕೋಶಕ್ಕೆ ಹೊತ್ತುಹೊತ್ತಿಗೆ ಆಹಾರ ಕೊಟ್ಟರೆ ಅದಕ್ಕೆ ಸಾವೇ ಇಲ್ಲ. ಮುಪ್ಪು ಬರುವುದು ದೇಹಕ್ಕೆ, ಕೋಶಕ್ಕಲ್ಲ.

ವಾಸ್ತವ
ಇದನ್ನು ನಂಬಿದ್ದವರು ಸಾಮಾನ್ಯರಲ್ಲ, ವಿಜ್ಞಾನಿಗಳು. 1912ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಅಲೆಕ್ಸಿಸ್ ಕ್ಯಾರೆಲ್ ಕೋಳಿ ಭ್ರೂಣದ ಹೃದಯದ ಚೂರೊಂದನ್ನು ಬೆಳೆಸಲು ತೊಡಗಿದರು. ಅದೇ ವರ್ಷ ಅವರಿಗೆ ಬೇರೊಂದು ಕೆಲಸಕ್ಕೆ, ರಕ್ತನಾಳಗಳನ್ನು ಹೊಲಿಯುವ ವಿಧಾನಕ್ಕೆ, ನೊಬೆಲ್ ಬಂತು. ಕೋಳಿಯ ಕೋಶಗಳು ಬೆಳೆಯುತ್ತಲೇ ಹೋದವು. 1944ರಲ್ಲಿ ಕ್ಯಾರೆಲ್ ತೀರಿಕೊಂಡ ಮೇಲೂ ಬೆಳೆದವು. 1946ರಲ್ಲಿ ಅವನ್ನು ಎಸೆಯಲಾಯಿತು. ಬೇರೆ ಲ್ಯಾಬ್‌ಗಳಲ್ಲಿ ಕೋಶಗಳು ಕೆಲ ತಿಂಗಳಿಗೆ ಸತ್ತರೆ ತಪ್ಪು ತಮ್ಮದೇ, ಆಹಾರ ಸರಿಯಿಲ್ಲ, ಶುಚಿ ಸಾಲದು ಎಂದು ಎಲ್ಲರೂ ತಮ್ಮನ್ನೇ ದೂರಿಕೊಂಡರು.

1961ರಲ್ಲಿ ಫಿಲಡೆಲ್ಫಿಯಾದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಇದನ್ನು ಪ್ರಶ್ನಿಸಿದರು. ಮನುಷ್ಯನ ಸಾಮಾನ್ಯ ಕೋಶಗಳು ಸುಮಾರು 50 ಸಲ ಇಬ್ಭಾಗವಾಗಿ ನಿಂತುಬಿಡುತ್ತವೆ ಎಂದರು. ಆಹಾರದ ದೋಷವಲ್ಲ ಎಂಬುದಕ್ಕೆ ಅವರು ಕೊಟ್ಟ ಪುರಾವೆ ಸರಳವಾಗಿತ್ತು. ಹಲವು ಸಲ ಒಡೆದ ಗಂಡು ಕೋಶಗಳನ್ನೂ ಇನ್ನೂ ಎಳೆಯವಾದ ಹೆಣ್ಣು ಕೋಶಗಳನ್ನೂ ಒಂದೇ ಬಾಟಲಿಯಲ್ಲಿ, ಒಂದೇ ಆಹಾರದಲ್ಲಿ ಬೆರೆಸಿ ಬೆಳೆಸಿದರು. ಕೊನೆಗೆ ಉಳಿದದ್ದು ಹೆಣ್ಣು ಕೋಶಗಳು ಮಾತ್ರ. ಹಳೆಯವು ತಮ್ಮ ಲೆಕ್ಕ ಮುಗಿಸಿದ್ದವು. ಮುಂದೆ ನೊಬೆಲ್ ಪಡೆದ ಪೇಟನ್ ರೌಸ್ ಸಂಪಾದಕರಾಗಿದ್ದ ಪತ್ರಿಕೆ ಈ ಪ್ರಬಂಧವನ್ನು ತಿರಸ್ಕರಿಸಿತು, ಬೇರೊಂದು ಪತ್ರಿಕೆ ಪ್ರಕಟಿಸಿತು. ಕೋಶ ಒಡೆದಾಗಲೆಲ್ಲ ವರ್ಣತಂತುಗಳ ತುದಿ ಸವೆಯುತ್ತದೆ ಎಂಬ ಕಾರಣ ಗೊತ್ತಾದದ್ದು ಆಮೇಲೆ. ತುದಿಗಳು ಹೇಗೆ ಉಳಿಯುತ್ತವೆ ಎಂದು ತೋರಿಸಿದ ಕೆಲಸಕ್ಕೆ 2009ರಲ್ಲಿ ನೊಬೆಲ್ ಬಂತು. ಹಾಗಾದರೆ ಕ್ಯಾರೆಲ್‌ರ ಕೋಳಿಕೋಶಗಳು? ಅವಕ್ಕೆ ಆಹಾರವಾಗಿ ಹಾಕುತ್ತಿದ್ದ ಭ್ರೂಣದ ರಸದಲ್ಲಿಯೇ ಹೊಸ ಕೋಶಗಳು ಸೇರಿ ಬರುತ್ತಿದ್ದಿರಬೇಕು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ತಪ್ಪು ಕಲ್ಪನೆ
ಬಾಟಲಿಯ ಮೇಲೆ ಯಾವ ಹೆಸರಿದೆಯೋ ಒಳಗಿರುವ ಕೋಶವೂ ಅದೇ.

ವಾಸ್ತವ
ಕೋಶಜೀವವಿಜ್ಞಾನಕ್ಕೆ ಇಷ್ಟು ದುಬಾರಿಯಾದ ನಂಬಿಕೆ ಇನ್ನೊಂದಿಲ್ಲ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯಿಂದ ತುಣುಕೊಂದನ್ನು ತೆಗೆದರು. ಅವರ ಒಪ್ಪಿಗೆ ಯಾರೂ ಕೇಳಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ, 31ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಜಾರ್ಜ್ ಗೇ ಅವರ ಲ್ಯಾಬಿನಲ್ಲಿ ಆ ಕೋಶಗಳು ಮಾತ್ರ ನಿಲ್ಲದೆ ಬೆಳೆದವು. ಕ್ಯಾನ್ಸರ್ ಕೋಶಗಳಿಗೆ ಹೇಫ್ಲಿಕ್ ಹೇಳಿದ ಮಿತಿ ಇರುವುದಿಲ್ಲ. ಹೀಲಾ ಎಂಬ ಹೆಸರಿನಲ್ಲಿ ಅವು ಜಗತ್ತಿನ ಲ್ಯಾಬ್‌ಗಳಿಗೆಲ್ಲ ಹೋದವು. ಹೆನ್ರಿಯೆಟಾ ಅವರ ಮನೆಯವರಿಗೆ ವಿಷಯ ತಿಳಿದದ್ದು 1970ರ ದಶಕದಲ್ಲಿ.

ಹೀಲಾ ಎಷ್ಟು ಹುರುಪಿನಿಂದ ಬೆಳೆಯುತ್ತದೆಂದರೆ, ಹನಿ ಹೆಪ್ಪು ಹಂಡೆ ಹಾಲನ್ನು ಮೊಸರು ಮಾಡುವಂತೆ, ಪಿಪೆಟ್ಟಿನ ತುದಿಯಲ್ಲಿ ಉಳಿದ ಒಂದೆರಡು ಕೋಶ ಬೇರೆ ಬಾಟಲಿಗೆ ಬಿದ್ದರೆ ಕೆಲ ವಾರಗಳಲ್ಲಿ ಬಾಟಲಿಯೆಲ್ಲ ಹೀಲಾ. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್‌ಲರ್ ಇದನ್ನು ಬಯಲಿಗೆ ತಂದರು. ಆಫ್ರಿಕಾ ಮೂಲದವರಲ್ಲಿ ಮಾತ್ರ ಸಾಮಾನ್ಯವಾಗಿ ಕಾಣುವ ಒಂದು ಕಿಣ್ವದ ಬಗೆ, ಬೇರೆಬೇರೆ ಜನರ ಬೇರೆಬೇರೆ ಅಂಗಗಳದ್ದೆಂದು ಮಾರುತ್ತಿದ್ದ ಹಲವು ಸೆಲ್ ಲೈನ್‌ಗಳಲ್ಲಿ, ಅಂದರೆ ಲ್ಯಾಬಿನಲ್ಲಿ ಬೆಳೆಸುತ್ತ ಬಂದ ಕೋಶವಂಶಗಳಲ್ಲಿ, ಒಂದೇ ಸಮನೆ ಸಿಕ್ಕಿತು. ಅಂದರೆ ಯಕೃತ್ತು, ಕರುಳು ಎಂದು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ಗರ್ಭಕಂಠದ ಕ್ಯಾನ್ಸರನ್ನು. ಇದನ್ನು ಒಪ್ಪದವರು ಗಾರ್ಟ್‌ಲರ್ ಮೇಲೆಯೇ ಸಿಟ್ಟಾದರು. ಇವತ್ತು ಹೀಗೆ ಹೆಸರು ತಪ್ಪಿದ ಸೆಲ್ ಲೈನ್‌ಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 500ಕ್ಕೂ ಹೆಚ್ಚು ಹೆಸರುಗಳಿವೆ. ಪರಿಹಾರ ಕಷ್ಟದ್ದಲ್ಲ. ಡಿಎನ್‌ಎ ಗುರುತಿನ ಪರೀಕ್ಷೆ ಇದೆ, ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಂಥ ಭಂಡಾರಗಳಿಂದ ಕೋಶ ತರಿಸಿಕೊಳ್ಳಬಹುದು. ಆದರೂ ಪಕ್ಕದ ಲ್ಯಾಬಿನ ಸ್ನೇಹಿತರಿಂದ ಒಂದು ಫ್ಲಾಸ್ಕ್ ಇಸಿದುಕೊಂಡು, ಪರೀಕ್ಷಿಸದೆ ಪ್ರಯೋಗ ಶುರುಮಾಡುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಇದನ್ನು ಬಿಡಲೇಬೇಕು.

ತಪ್ಪು ಕಲ್ಪನೆ
ಕೋಶ ಬೆಳೆಸಲು ಕೈಗುಣ ಬೇಕು. ಕೆಲವರು ಮುಟ್ಟಿದರೆ ಬೆಳೆಯುತ್ತವೆ, ಕೆಲವರು ಮುಟ್ಟಿದರೆ ಸಾಯುತ್ತವೆ.

ವಾಸ್ತವ
ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಒಂದೇ ವಿಧಾನ ಅನುಸರಿಸಿದ ಇಬ್ಬರಿಗೆ ಬೇರೆಬೇರೆ ಫಲಿತಾಂಶ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ವ್ಯತ್ಯಾಸ ಇರುವುದು ಕೈಯ ಗುಣದಲ್ಲಲ್ಲ, ಕೈ ಮಾಡುವ ಕೆಲಸದಲ್ಲಿ. ತಟ್ಟೆಯಿಂದ ಕೋಶ ಬಿಡಿಸಲು ಹಾಕಿದ ಟ್ರಿಪ್ಸಿನ್ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇದ್ದರೆ ಕೋಶದ ಪೊರೆಗೆ ಹಾನಿ. ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿ ಶಾಖ, ಶೇಕಡಾ 5 ಇಂಗಾಲದ ಡೈಆಕ್ಸೈಡ್ ಇರಬೇಕು. ಬಾಗಿಲನ್ನು ಮತ್ತೆಮತ್ತೆ ತೆಗೆದರೆ ಅನಿಲ ಹೊರಟುಹೋಗಿ ಮೀಡಿಯಂ, ಅಂದರೆ ಕೋಶಗಳ ಆಹಾರದ್ರವ, ಕೆಂಪಿನಿಂದ ನೇರಳೆಗೆ ತಿರುಗುತ್ತದೆ. ಅದಕ್ಕೆ ಬೆರೆಸುವ ಸೀರಮ್‌ನ ಬ್ಯಾಚ್ ಬದಲಾದರೆ ಬೆಳವಣಿಗೆ ಬದಲಾಗುತ್ತದೆ. ಇವನ್ನು ಬರೆದಿಡದೆ ಹೋದರೆ ಉಳಿಯುವ ವಿವರಣೆ ಕೈಗುಣವೊಂದೇ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ನಂಬಿಕೆಯಿದೆ: ಮೀಡಿಯಂ ತಿಳಿಯಾಗಿದ್ದರೆ ಸೋಂಕಿಲ್ಲ ಎಂಬುದು. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯೇ ಇಲ್ಲ, ಹಾಗಾಗಿ ಪೆನಿಸಿಲಿನ್ ಅದಕ್ಕೆ ತಾಗದು. ಮೀಡಿಯಂ ಕದಡುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣುವುದೂ ಇಲ್ಲ. ಒಳಗೊಳಗೇ ಕೋಶದ ನಡವಳಿಕೆಯನ್ನೇ ಬದಲಿಸಿಬಿಡುತ್ತದೆ. ಆಯುಧಪೂಜೆಯ ದಿನ ಸೆಂಟ್ರಿಫ್ಯೂಜಿಗೆ ಕುಂಕುಮ ಹಚ್ಚಿದರೆ ಯಾರಿಗೂ ತೊಂದರೆಯಿಲ್ಲ, ಅದು ದುಡಿಮೆಯ ಸಲಕರಣೆಗೆ ತೋರುವ ಗೌರವ. ಜೊತೆಗೆ ತಪ್ಪದೆ ಮೈಕೋಪ್ಲಾಸ್ಮಾ ಪರೀಕ್ಷೆಯೂ ಆಗುತ್ತಿರಬೇಕು, ಅಷ್ಟೇ.

ತಪ್ಪು ಕಲ್ಪನೆ
ಒಂದು ಪದಾರ್ಥ ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿತೆಂದರೆ ಕ್ಯಾನ್ಸರಿಗೆ ಮದ್ದು ಸಿಕ್ಕಂತೆ. ನಮ್ಮ ಅರಿಶಿನವೇ ಸಾಕ್ಷಿ.

ವಾಸ್ತವ
ತಟ್ಟೆಯಲ್ಲಿರುವ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಸುಲಭ. ಬ್ಲೀಚಿಂಗ್ ಪೌಡರ್ ಹಾಕಿದರೂ ಸಾಯುತ್ತದೆ. ಕಷ್ಟವಿರುವುದು ಪಕ್ಕದ ಆರೋಗ್ಯವಂತ ಕೋಶವನ್ನು ಉಳಿಸಿ, ರಕ್ತದ ಮೂಲಕ ಗಡ್ಡೆಯನ್ನು ತಲುಪಿ, ಸಾಕಷ್ಟು ಹೊತ್ತು ಅಲ್ಲಿ ನಿಂತು ಕೊಲ್ಲುವುದರಲ್ಲಿ.

ಅರಿಶಿನದ ಕರ್ಕ್ಯುಮಿನ್ ಮೇಲೆ ಸಾವಿರಾರು ಪ್ರಬಂಧಗಳಿವೆ. 2017ರಲ್ಲಿ ರಸಾಯನ ವಿಜ್ಞಾನಿಗಳ ತಂಡವೊಂದು ಅವನ್ನು ಒಟ್ಟಾಗಿ ಪರಿಶೀಲಿಸಿ ನೋಡಿತು. 120ಕ್ಕೂ ಹೆಚ್ಚು ಕ್ಲಿನಿಕಲ್ ಟ್ರಯಲ್ ನಡೆದಿದ್ದರೂ, ವೈದ್ಯರಿಗೂ ರೋಗಿಗೂ ಯಾವುದು ಮದ್ದು, ಯಾವುದು ಹುಸಿಮಾತ್ರೆ ಎಂದು ತಿಳಿಯದಂತೆ ನಡೆಸಿದ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಒಂದೂ ಗೆದ್ದಿರಲಿಲ್ಲ. ತಟ್ಟೆಯಲ್ಲಿ ಗೆದ್ದದ್ದು ಮೈಯಲ್ಲೇಕೆ ಸೋತಿತು? ಕರ್ಕ್ಯುಮಿನ್ ನೀರಿನಲ್ಲಿ ಬೇಗ ಒಡೆದುಹೋಗುತ್ತದೆ. ಗ್ರಾಂಗಟ್ಟಲೆ ನುಂಗಿದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಇನ್ನೊಂದು ಕಾರಣ ಲ್ಯಾಬಿನವರು ಗಮನಿಸಬೇಕಾದದ್ದು: ಅದು ತಾನೇ ಹೊಳೆಯುತ್ತದೆ, ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟುತ್ತದೆ. ಹೊಳಪನ್ನೇ ಅಳೆಯುವ ಪರೀಕ್ಷೆಯಲ್ಲಿ ಏನೂ ಮಾಡದೆಯೂ ಏನೋ ಮಾಡಿದಂತೆ ತೋರಬಲ್ಲದು. ಸಾರಿಗೆ, ಚಿತ್ರಾನ್ನಕ್ಕೆ ಅರಿಶಿನ ಹಾಕುವುದನ್ನು ಯಾರೂ ಬೇಡವೆನ್ನುತ್ತಿಲ್ಲ. ಅರಿಶಿನ ನಂಬಿ ಆಸ್ಪತ್ರೆಯ ಚಿಕಿತ್ಸೆಯನ್ನು ಮುಂದೂಡುವುದು ಮಾತ್ರ ಜೀವಕ್ಕೆ ಎರವು.

ತಪ್ಪು ಕಲ್ಪನೆ
ಉಪವಾಸ ಮಾಡಿದರೆ ಕೋಶಗಳು ಕ್ಯಾನ್ಸರನ್ನು ತಾವೇ ತಿಂದುಹಾಕುತ್ತವೆ. ಇದನ್ನು ಕಂಡುಹಿಡಿದ ಜಪಾನಿನ ವಿಜ್ಞಾನಿಗೆ ನೊಬೆಲ್ ಬಂದಿದೆ.

ವಾಸ್ತವ
ನೊಬೆಲ್ ಬಂದದ್ದು ನಿಜ, 2016ರಲ್ಲಿ, ಯೋಶಿನೋರಿ ಓಸುಮಿ ಅವರಿಗೆ. ಅವರು ಉಪವಾಸ ಕೆಡವಿದ್ದು ಮನುಷ್ಯರನ್ನಲ್ಲ, ಯೀಸ್ಟನ್ನು. 1988ರಲ್ಲಿ ಟೋಕಿಯೊದಲ್ಲಿ ಸ್ವಂತ ಲ್ಯಾಬ್ ಶುರುಮಾಡಿದ ಅವರು, ತ್ಯಾಜ್ಯ ಕರಗಿಸುವ ಕಿಣ್ವಗಳಿಲ್ಲದ ಯೀಸ್ಟ್ ತಳಿಗೆ ಆಹಾರ ನಿಲ್ಲಿಸಿ, ಅದರ ಕೋಶದೊಳಗಿನ ಚೀಲದಲ್ಲಿ ಪುಟ್ಟ ಗೋಲಿಗಳು ತುಂಬಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಕೋಶ ತನ್ನ ಹಳೆಯ ಭಾಗಗಳನ್ನು ಒಡೆದು ಮರುಬಳಸುವ ಕ್ರಿಯೆ ಅದು. 1993ರ ಹೊತ್ತಿಗೆ ಅದಕ್ಕೆ ಬೇಕಾದ 15 ಜೀನ್‌ಗಳ ಸುಳಿವು ಹಿಡಿದರು. ಇಷ್ಟು ಗಂಟೆ ಹಸಿದಿದ್ದರೆ ಇಂಥ ರೋಗ ವಾಸಿ ಎಂದು ಆ ಕೆಲಸ ಹೇಳಿಲ್ಲ. ಬೆಳೆದುನಿಂತ ಗಡ್ಡೆಯ ಕೋಶಗಳೂ ಇದೇ ಕ್ರಿಯೆಯಿಂದ ಹಸಿವು ತಾಳಿಕೊಂಡು ಬದುಕಬಲ್ಲವು. ಏಕಾದಶಿಯನ್ನು ಶ್ರದ್ಧೆಯಿಂದ ಆಚರಿಸುವವರಿಗೆ ನೊಬೆಲ್‌ನ ಆಸರೆ ಬೇಕಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಈ ಸುದ್ದಿ ನಂಬಿ ದೀರ್ಘ ಉಪವಾಸ ಕೂತರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದೀತು.

ತಪ್ಪು ಕಲ್ಪನೆ
ತಟ್ಟೆಯಲ್ಲಿ ಕೋಶ ಬೆಳೆಸುವುದರಿಂದ ಜನರಿಗೆ ಪ್ರಯೋಜನವಿಲ್ಲ.

ವಾಸ್ತವ
ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಲಸಿಕೆ. ಕೆಲವರಿಗೆ ಲಸಿಕೆಯಿಂದಲೇ ಪಾರ್ಶ್ವವಾಯು ಆಗುತ್ತಿತ್ತು. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತಿತು. ಈಗಿನ ರೇಬಿಸ್ ಲಸಿಕೆ ತಯಾರಾಗುವುದು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ, ಅದನ್ನು ಹಾಕುವುದು ತೋಳಿಗೆ. ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ತಡಮಾಡದೆ ಹೋಗಬೇಕು. ಹಳೆಯ ಭಯದಿಂದ ಮನೆಯಲ್ಲೇ ಉಳಿದವರು ಸತ್ತರೆ ಅದಕ್ಕಿಂತ ಸಂಕಟದ ವಿಷಯ ಬೇರೆಯಿಲ್ಲ.

ಕೋಶಗಳಲ್ಲಿ ತಯಾರಾದ ಇನ್ನೊಂದು ಲಸಿಕೆಗೂ ಇಂಥದ್ದೇ ಭಯ ಅಂಟಿತ್ತು. 2021ರ ಜೂನ್‌ನಲ್ಲಿ, ಕೋವಿಡ್ ಲಸಿಕೆಯಾದ ಕೋವ್ಯಾಕ್ಸಿನ್‌ನಲ್ಲಿ ಕರುವಿನ ಸೀರಮ್ ಇದೆಯೆಂಬ ಸುದ್ದಿ ಹಬ್ಬಿತು. ವೈರಸ್ ಬೆಳೆಸುವ ವೀರೋ ಕೋಶಗಳಿಗೆ ಆಹಾರವಾಗಿ ಆ ಸೀರಮ್ ಬಳಸುವುದು ನಿಜ. ಆದರೆ ಕೋಶಗಳನ್ನು ತೊಳೆದ ಮೇಲೆಯೇ ವೈರಸ್ ಬೆಳೆಸುತ್ತಾರೆ. ಸಿದ್ಧ ಲಸಿಕೆಯಲ್ಲಿ ಅದು ಇಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯ ಆಗಲೇ ಸ್ಪಷ್ಟಪಡಿಸಿತ್ತು.

ತಪ್ಪು ಕಲ್ಪನೆ
ದೊಡ್ಡ ಪತ್ರಿಕೆಯಲ್ಲಿ ಅಚ್ಚಾದದ್ದೆಲ್ಲ ಸಿದ್ಧವಾದ ಸತ್ಯ. ಅದು ತಪ್ಪೆಂದು ಗೊತ್ತಾದರೆ, ವಿಜ್ಞಾನಿಗಳೆಲ್ಲ ಮೋಸಗಾರರು.

ವಾಸ್ತವ
ಎರಡೂ ಅತಿ. 2012ರಲ್ಲಿ ಆಮ್‌ಜೆನ್ ಎಂಬ ಔಷಧ ಕಂಪನಿಯ ಪ್ರಯೋಗಗಳ ಲೆಕ್ಕ ಹೊರಬಂತು. ಕ್ಯಾನ್ಸರ್ ಸಂಶೋಧನೆಯ 53 ಹೆಸರಾಂತ ಪ್ರಬಂಧಗಳ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದರೆ 6 ಮಾತ್ರ ನಿಂತವು. 2016ರಲ್ಲಿ ಎಲಿಜಬೆತ್ ಬಿಕ್ ಮತ್ತು ಸಂಗಡಿಗರು 20,621 ಪ್ರಬಂಧಗಳ ಚಿತ್ರಗಳನ್ನು ಕಣ್ಣಿನಿಂದಲೇ ಪರಿಶೀಲಿಸಿ ಸುಮಾರು ಶೇಕಡಾ 3.8ರಷ್ಟರಲ್ಲಿ ದೋಷ ಕಂಡರು. ಅದರಲ್ಲಿ ಕನಿಷ್ಠ ಅರ್ಧ ಉದ್ದೇಶಪೂರ್ವಕ ಎನ್ನುವಂತಿತ್ತು. ಉಳಿದದ್ದು ಅವಸರ, ಅಜಾಗರೂಕತೆ ಇದ್ದಿರಬಹುದು. ಹಾಗಾದರೆ 53ರಲ್ಲಿ 47 ಏಕೆ ಬಿದ್ದವು? ಮೋಸವೊಂದೇ ಕಾರಣವಾಗಿರಲು ಸಾಧ್ಯವಿಲ್ಲ. ಹೆಸರು ತಪ್ಪಿದ ಕೋಶ, ಕಾಣದ ಸೋಂಕು, ಬದಲಾದ ಸೀರಮ್, ಒಂದೇ ಸಲ ಮಾಡಿ ಮುಗಿಸಿದ ಪ್ರಯೋಗ ಇವೂ ಫಲಿತಾಂಶವನ್ನು ಕೆಡಿಸುತ್ತವೆ. ಪತ್ರಿಕೆಯ ಹೆಸರು ನೋಡಿ ಕೆಲಸ ಕೊಡುವ ಪದ್ಧತಿ ಅವಸರಕ್ಕೆ ಗೊಬ್ಬರ ಹಾಕುತ್ತದೆ. ಅದನ್ನು ಬಿಡಿ, ಪ್ರಬಂಧವನ್ನೇ ಓದಿ ಅಳೆಯಿರಿ ಎಂಬ ಘೋಷಣೆ ರೂಪುಗೊಂಡದ್ದೂ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಅಮೆರಿಕದ ಕೋಶಜೀವವಿಜ್ಞಾನಿಗಳ ಸಂಘದ ಸಭೆಯಲ್ಲೇ.

ತಪ್ಪು ಕಲ್ಪನೆ
ಪಿಎಚ್‌ಡಿ ಮಾಡುವವರು ಮೂವತ್ತರ ಹತ್ತಿರವಾದರೂ ಇನ್ನೂ ಓದುತ್ತಿದ್ದಾರೆ, ದುಡಿಯುತ್ತಿಲ್ಲ.

ವಾಸ್ತವ
ಮದುವೆ ಮನೆಗಳಲ್ಲಿ ಈ ಮಾತು ಕೇಳಿ ತಲೆತಗ್ಗಿಸಿದ ಹುಡುಗ ಹುಡುಗಿಯರು ಎಷ್ಟೋ. ಅವರು ಮಾಡುತ್ತಿರುವುದು ಪೂರ್ಣಾವಧಿಯ ಕೆಲಸ. ಕೋಶಗಳಿಗೆ ಭಾನುವಾರ ಗೊತ್ತಿಲ್ಲ. ಎರಡು ಮೂರು ದಿನಕ್ಕೊಮ್ಮೆ ಮೀಡಿಯಂ ಬದಲಿಸಲೇಬೇಕು, ತಟ್ಟೆ ತುಂಬಿದರೆ ಹಂಚಲೇಬೇಕು. ಹಬ್ಬಕ್ಕೆ ಊರಿಗೆ ಹೋಗುವ ಮುನ್ನ ಯಾರಾದರೂ ನೋಡಿಕೊಳ್ಳುತ್ತಾರೆಯೇ ಎಂದು ಕೇಳಬೇಕು, ಇಲ್ಲವೇ ಕೋಶಗಳನ್ನು ಲಿಕ್ವಿಡ್ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ಇಡಬೇಕು. ರಾತ್ರಿಯಿಡೀ ಸೂಕ್ಷ್ಮದರ್ಶಕದ ಸರದಿ ಸಿಕ್ಕರೆ ರಾತ್ರಿಯಿಡೀ ಎಚ್ಚರ. ಈ ಕೆಲಸಕ್ಕೆ ಕೇಂದ್ರದ ಫೆಲೋಶಿಪ್ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಕಾಗದದ ಮೇಲೆ ಇದು ಕಡಿಮೆಯೇನಲ್ಲ. ತೊಂದರೆ ಇರುವುದು ಹಣ ಹೊತ್ತಿಗೆ ಬಾರದಿರುವುದರಲ್ಲಿ. ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬಂದರೆ ಬಾಡಿಗೆ ಕಟ್ಟುವುದು ಹೇಗೆ, ಮೆಸ್ ಬಿಲ್ ಕಟ್ಟುವುದು ಹೇಗೆ? ಮನೆಯಲ್ಲಿ ಅನುಕೂಲ ಇಲ್ಲದವರು ಇದೊಂದೇ ಕಾರಣಕ್ಕೆ ನಡುವೆ ಬಿಟ್ಟುಹೋಗುತ್ತಾರೆ. ಹೊಸ ಯಂತ್ರಕ್ಕೆ ಕೋಟಿಗಳನ್ನು ಮಂಜೂರು ಮಾಡುವ ಇಲಾಖೆಗಳು, ಅದನ್ನು ನಡೆಸುವ ಮಕ್ಕಳ ಫೆಲೋಶಿಪ್ ಪ್ರತಿ ತಿಂಗಳ ಒಂದನೇ ತಾರೀಖಿಗೆ ಅವರ ಖಾತೆಗೆ ಬೀಳುವಂತೆ ಮಾಡಬೇಕು.